ಹಿಡಿಸೂಡಿಗೆ ಮೂರು ಪುಸ್ತಕ

ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಟ್ಯಾಬ್‌ನಿಂದ ತಲೆಯೆತ್ತಿ, "ಅಜ್ಜ, ಅಂಕಲ್ ಪೈ ನಿಮ್ಮ ಕಾರ್ಕಳದಲ್ಲೇ ಹುಟ್ಟಿದ್ದಂತೆ. ಅವರ ಮನೆ ಎಲ್ಲಿ, ತೋರಿಸು" ಎಂದಳು.

ಆ ಮನೆಯನ್ನು ನಾನು ನೋಡಿಲ್ಲ. ಹುಡುಗರಾಗಿದ್ದಾಗ ಅವರು ನಮ್ಮೂರಿನವರು ಎಂಬುದೇ ನಮಗೆ ತಿಳಿದಿರಲಿಲ್ಲ. ನಾವು ಓದುತ್ತಿದ್ದ ಅಮರ ಚಿತ್ರ ಕಥೆಯ ಚಿತ್ರಪುಸ್ತಕಗಳ ಒಳಪುಟದಲ್ಲಿ ಸಂಪಾದಕರು ಅನಂತ ಪೈ ಎಂದು ಅಚ್ಚಾಗಿರುತ್ತಿತ್ತು, ಕೆಳಗೆ ಬೊಂಬಾಯಿಯ ವಿಳಾಸ. ನಮ್ಮ ರಥಬೀದಿಯಲ್ಲಿ ಹೆಜ್ಜೆಗೊಂದು ಪೈಗಳ ಅಂಗಡಿ. ಹಾಗಿದ್ದೂ ಈ ಪೈ ಬೊಂಬಾಯಿಯ ಯಾರೋ ದೊಡ್ಡವರು ಎಂದೇ ನಂಬಿದ್ದೆವು. 2011ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಹುಟ್ಟೂರಿನ ಹೆಸರು ಕಂಡು ಆ ಸುದ್ದಿಯನ್ನು ಎರಡೆರಡು ಸಲ ಓದಿದೆ. ಅಷ್ಟು ಹೊತ್ತಿಗೆ ನನಗೇ ನಲವತ್ತು ದಾಟಿತ್ತು.

ಅವರ ಮನೆ ತೋರಿಸಲಾಗದೆ ಮಗುವನ್ನು ನನಗೆ ಗೊತ್ತಿದ್ದ ಜಾಗಕ್ಕೆ ಕರೆದುಕೊಂಡು ಹೋದೆ. ರಥಬೀದಿಯಿಂದ ಇಳಿಯುವ ಓಣಿಯ ತುದಿಯಲ್ಲಿ ಹಂಚಿನ ಮಾಡಿನ ಒಂದು ಕೋಣೆಯಿತ್ತು. ಮೂರು ವರ್ಷದ ಹಿಂದೆ ಅದನ್ನು ಕೆಡವಿದರು. ಈಗ ಅಲ್ಲಿ ಮೊಬೈಲ್ ರಿಪೇರಿಯ ಗಾಜಿನ ಅಂಗಡಿ. "ಇಲ್ಲೇ" ಎಂದೆ. "ಇಲ್ಲಿ ಏನೂ ಇಲ್ಲವಲ್ಲ" ಎಂದಳು.

ಅಲ್ಲಿ ಇದ್ದದ್ದು ಬಾಡಿಗೆ ಪುಸ್ತಕದ ಅಂಗಡಿ. ದಿನಕ್ಕೆ ಹತ್ತು ಪೈಸೆ. ಅಂಗಡಿಯವರನ್ನು ಊರೆಲ್ಲ ಪುಸ್ತಕದ ಮಾಮ ಎನ್ನುತ್ತಿತ್ತು. ಬಿಳಿ ಪಂಚೆ, ತೋಳಿಲ್ಲದ ಬನಿಯನ್, ಕಿವಿಯ ಹಿಂದೆ ಪೆನ್ಸಿಲ್. ಹೊಸ ಪುಸ್ತಕದ ಕಟ್ಟು ಬಂದರೆ ಅದನ್ನು ಆ ದಿನವೇ ಯಾರಿಗೂ ಕೊಡುತ್ತಿರಲಿಲ್ಲ. 32 ಪುಟದ ಆ ತೆಳು ಪುಸ್ತಕಗಳಿಗೆ ಹಾಕಿದ ತಂತಿಯ ಪಿನ್ನು ನಮ್ಮ ಕರಾವಳಿಯ ಹವೆಗೆ ತಿಂಗಳೊಳಗೆ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಆದ್ದರಿಂದ ಮಾಮ ಮೊದಲು ಪಿನ್ನು ಕೀಳುತ್ತಿದ್ದರು. ಡಬ್ಬಣದಿಂದ ಮೂರು ತೂತು ಮಾಡಿ, ಮೇಣ ಸವರಿದ ನೂಲಿನಿಂದ ಹೊಲಿದು, ಖಾಕಿ ಕಾಗದದ ಹೊದಿಕೆ ಹಾಕುತ್ತಿದ್ದರು. ಬಣ್ಣದ ರಕ್ಷಾಪುಟವನ್ನು ಕತ್ತರಿಸಿ ಆ ಖಾಕಿಯ ಮೇಲೆ ಅಂಟಿಸುವಾಗ ಅವರ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಕಾಣುತ್ತಿತ್ತು. ಎಷ್ಟೋ ಒಳ್ಳೆಯ ಆಚಾರಿಗಳನ್ನು, ಅಕ್ಕಸಾಲಿಗಳನ್ನು ನಾನು ನೋಡಿದ್ದೇನೆ. ಹತ್ತು ಪೈಸೆಯ ಬಾಡಿಗೆಯ ವಸ್ತುವಿಗೆ ಅಷ್ಟು ಮರ್ಯಾದೆ ಕೊಟ್ಟ ಕೈಯನ್ನು ಮತ್ತೆ ನೋಡಲಿಲ್ಲ.

ಅಂಟಿಗೆ ಮೈದಾ ಗಂಜಿ. ಹುಳ ಬಾರದಂತೆ ಅದಕ್ಕೆ ಚಿಟಿಕೆ ಮೈಲುತುತ್ತ. ಆಟಿ ತಿಂಗಳ ಮಳೆಯಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದಿರಲೆಂದು ಕಪಾಟಿನ ಕೆಳಗೆ ಕೆಂಡದ ಮಡಕೆ ಇಡುತ್ತಿದ್ದರು. ಗಂಜಿ, ತೇವದ ಕಾಗದ, ತೆಂಗಿನ ಚಿಪ್ಪಿನ ಕೆಂಡ ಮೂರೂ ಸೇರಿದ ಆ ಬೆಚ್ಚಗಿನ ವಾಸನೆ ನನಗೆ ಇಂದಿಗೂ ಕಥೆಯ ವಾಸನೆಯೇ. ಹೊರಗೆ ಹಂಚಿನ ಮೇಲೆ ಮಳೆ ಹೊಡೆಯುತ್ತಿರುತ್ತಿತ್ತು. ಒಳಗೆ ಬೆಂಚಿನ ಮೇಲೆ ಆರು ಹುಡುಗರು ಒಂದೇ ಪುಸ್ತಕದ ಮೇಲೆ ಬಗ್ಗಿರುತ್ತಿದ್ದೆವು.

ಆ ಪುಸ್ತಕ ಮಾಡಿದವರ ಬದುಕು ನಮಗೆ ತಿಳಿದದ್ದು ಬಹಳ ತಡವಾಗಿ. 1929ರಲ್ಲಿ ಹುಟ್ಟಿದ ಅನಂತ ಪೈ ಎರಡು ವರ್ಷಕ್ಕೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಹನ್ನೆರಡಕ್ಕೆ ಬೊಂಬಾಯಿ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸಿದ್ದದ್ದು ಅಚ್ಚಿನ ಶಾಯಿಯಲ್ಲಿ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆ ತೆಗೆದು ಕೈಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾದಲ್ಲಿದ್ದಾಗ ಇಂದ್ರಜಾಲ ಕಾಮಿಕ್ಸ್‌ನ ಕೆಲಸ. ಮುಖವಾಡದ ಫ್ಯಾಂಟಮ್‌ನನ್ನು ನಮ್ಮ ದೇಶದ ಹುಡುಗರ ಕೈಗಿತ್ತ ಪುಸ್ತಕಗಳು ಅವು. 1967ರಲ್ಲಿ ದಿಲ್ಲಿಯಲ್ಲಿ ಟೀವಿಯ ರಸಪ್ರಶ್ನೆಯೊಂದನ್ನು ನೋಡುತ್ತ ನಿಂತಿದ್ದರಂತೆ. ಗ್ರೀಕ್ ದೇವತೆಗಳ ಹೆಸರು ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಹೇಳಲಾಗಲಿಲ್ಲ. ಅಮರ ಚಿತ್ರ ಕಥೆ ಹುಟ್ಟಿದ್ದು ಆ ದಿನ ಎಂದು ಎಲ್ಲರೂ ಬರೆಯುತ್ತಾರೆ.

ಎಲ್ಲರೂ ಬರೆಯದ ಒಂದು ಸಂಗತಿ ಕನ್ನಡದ್ದು. ಇಂಗ್ಲಿಷಿನ ಅಮರ ಚಿತ್ರ ಕಥೆ 'ಕೃಷ್ಣ'ನಿಂದ ಶುರುವಾಗುತ್ತದೆ, ಆದರೆ ಅದರ ಸಂಖ್ಯೆ 11. ಮೊದಲ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. 1965ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ವ್ಯಾಪಾರದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ಪಾಶ್ಚಾತ್ಯ ಕಿನ್ನರ ಕಥೆಗಳು ಈ ಹೆಸರಿನಲ್ಲಿ ಕನ್ನಡಕ್ಕೆ ಬಂದಿದ್ದವು. ಅವು ಚೆನ್ನಾಗಿ ಮಾರಾಟವಾದವು. ಅನಂತ ಪೈ ಅವರ ಮನಸ್ಸನ್ನು, ಕೆಲಸವನ್ನು ನಾನು ಕಡಿಮೆ ಮಾಡುತ್ತಿಲ್ಲ. ರಾಮ ಕೃಷ್ಣರನ್ನು ಚೌಕದೊಳಗೆ ತಂದು 400ಕ್ಕೂ ಹೆಚ್ಚು ಪುಸ್ತಕ ಕಟ್ಟಿದ್ದು ಅವರೇ. ಆದರೆ ಆ ಮರದ ಮೊದಲ ಹತ್ತು ಎಲೆ ಕನ್ನಡದ್ದು. ಮೊನ್ನೆ ಮಂಗಳೂರಿನ ಮಾಲೊಂದರಲ್ಲಿ ಇದೇ ಪುಸ್ತಕಗಳನ್ನು ಹುಡುಕಿದೆ. ಒಂದು ಗೋಡೆಯಿಡೀ ಇಂಗ್ಲಿಷಿನದ್ದಿತ್ತು. ಕನ್ನಡದ್ದು ಕೇಳಿದ್ದಕ್ಕೆ ಅಂಗಡಿಯ ಹುಡುಗ, "ಅದಕ್ಕೆ ಕಸ್ಟಮರ್ ಇಲ್ಲ ಸರ್" ಎಂದ. ನಾನೇ ಎದುರಿಗೆ ನಿಂತಿದ್ದೆ. ಕೈಗೆ ಸಿಕ್ಕದ್ದನ್ನು ಮಕ್ಕಳು ಹೇಗೆ ಕೇಳಿಯಾರು? ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಿಂದ ಬಂದ ನಾವು ಓದುವ ಕನ್ನಡ ಕಲಿತದ್ದು ಆ ಬೆಂಚಿನ ಮೇಲೆ, ಚಿತ್ರದ ಬಲೂನಿನೊಳಗಿನ ಪುಟ್ಟ ಅಕ್ಷರದಲ್ಲಿ. ಆ ಬೆಂಚು ಈ ಊರಿನಿಂದ ಹೋಯಿತು. ಹೋದದ್ದು ಯಾರಿಗೂ ನೋಯಲೂ ಇಲ್ಲ.

ಆದರೆ ಆ ಚಿತ್ರಗಳು ನಮಗೆ ಕೊಟ್ಟದ್ದೆಲ್ಲ ಒಳ್ಳೆಯದೇ ಎಂದು ಬರೆದರೆ ನನ್ನ ಗೆಳೆಯನಿಗೆ ದ್ರೋಹ ಮಾಡಿದಂತೆ.

ಅವನು ಗೊಮ್ಮಟ ಬೆಟ್ಟದ ಆಚೆಯವನು. ತಾಯಿ ಹಿಡಿಸೂಡಿ ಕಟ್ಟಿ ಮಾರುತ್ತಿದ್ದರು. ಹತ್ತು ಪೈಸೆ ಅವನಲ್ಲಿ ಇರುತ್ತಿರಲಿಲ್ಲ. ಒಂದು ದಿನ ಹಿಡಿಸೂಡಿಯನ್ನೇ ತಂದು ಮಾಮನ ಮೇಜಿನ ಮೇಲಿಟ್ಟು, "ಇದಕ್ಕೆ ಐದು ಪುಸ್ತಕ" ಎಂದ. ಮಾಮ ಅದನ್ನೆತ್ತಿ ಕಡ್ಡಿ ಬಾಗಿಸಿ ನೋಡಿದರು. "ಎರಡು" ಎಂದರು. "ಹಸಿ ಕಡ್ಡಿ ಅಲ್ಲ ಮಾಮ, ಒಣಗಿಸಿದ್ದು. ನಾಲ್ಕು." "ಅಂಗಡಿಯಲ್ಲಿ ಈಗಲೇ ಒಂದು ಉಂಟಲ್ಲ ಮಾರಾಯ." "ಅದು ಸವೆದಿದೆ." ಮಾಮ ಮೂಲೆಯಲ್ಲಿದ್ದ ಹಳೆಯದನ್ನು ತಿರುಗಿ ನೋಡಿದರು. ಮೂರಕ್ಕೆ ಮಾತಾಯಿತು. ಜೊತೆಗೆ, ಕೂತು ಓದುವುದಕ್ಕೆ ಎಂದೂ ಲೆಕ್ಕವಿಲ್ಲ ಎಂದರು. ಆಮೇಲೆ ಎರಡು ವಾರಕ್ಕೊಂದು ಹಿಡಿಸೂಡಿ ಬರುತ್ತಿತ್ತು. ಅಷ್ಟು ಚಿಕ್ಕ ಕೋಣೆಗೆ ಅಷ್ಟು ಹಿಡಿಸೂಡಿ ಏಕೆ ಬೇಕೆಂದು ನಾನು ಆಗ ಯೋಚಿಸಲಿಲ್ಲ.

ಓದಿದ ಕಥೆಯನ್ನು ನಾವು ಆನೆಕೆರೆಯ ದಂಡೆಯಲ್ಲಿ ಆಡುತ್ತಿದ್ದೆವು. 'ಪ್ರಹ್ಲಾದ' ಆಡಿದರೆ ಹಿರಣ್ಯಕಶಿಪು ಅವನೇ. ಯಾವ ಕಥೆಯಾದರೂ ಅಸುರ ಅವನೇ, ಏಕೆಂದರೆ ಅವನು ಕಪ್ಪು. ಯಾರೂ ಚರ್ಚೆ ಮಾಡಿ ತೀರ್ಮಾನಿಸಿದ್ದಲ್ಲ, ಪುಸ್ತಕ ನೋಡಿಯೇ ಪಾತ್ರ ಹಂಚುತ್ತಿದ್ದೆವು. ಪುಸ್ತಕದಲ್ಲಿ ದೇವರು ಗುಲಾಬಿ ಇಲ್ಲವೇ ನೀಲಿ ಬಣ್ಣಕ್ಕಿದ್ದರು, ರಾಕ್ಷಸರಿಗೆ ಕಂದು ಮೈ, ದಪ್ಪ ತುಟಿ. ನನ್ನದು ಗೋಧಿ ಬಣ್ಣ, ಹಾಗಾಗಿ ನಾನು ಪ್ರಹ್ಲಾದನಾಗುತ್ತಿದ್ದೆ, ರಾಮನಾಗುತ್ತಿದ್ದೆ. ಬೊಂಬಾಯಿಯಲ್ಲಿ ಕೂತು ಬಣ್ಣ ತುಂಬಿದವರಿಗೆ ಆನೆಕೆರೆಯ ದಂಡೆಯ ಹುಡುಗನೊಬ್ಬ ಪ್ರತಿ ಸಂಜೆ ಸತ್ತು ಬೀಳುವುದು ಕಾಣುತ್ತಿರಲಿಲ್ಲ ನಿಜ. ಕಂಡ ನನಗೂ ಅದು ತಪ್ಪೆನಿಸಲಿಲ್ಲ. ಈ ಚಿತ್ರಗಳ ಬಣ್ಣದ ಬಗ್ಗೆ ವಿದ್ವಾಂಸರು ಮುಂದೆ ಬಹಳ ಬರೆದರು. ಅವರು ಬರೆದದ್ದನ್ನು ಓದುವಾಗ ನನಗೆ ಸಿಟ್ಟೂ ಬಂತು, ತಲೆಯೂ ತಗ್ಗಿತು.

ಒಮ್ಮೆ ಯಾರೋ ಹುಡುಗ ಅಂಗಡಿಯಲ್ಲೇ ಅವನನ್ನು "ಏ ರಾಕ್ಷಸ" ಎಂದು ಕರೆದ. ಮಾಮ ಹೊಲಿಯುತ್ತಿದ್ದ ಪುಸ್ತಕ ಕೆಳಗಿಟ್ಟರು. ಕಪಾಟಿನಿಂದ 'ಕೃಷ್ಣ'ನನ್ನು ತೆಗೆದು ನಮ್ಮೆದುರು ಹಿಡಿದರು. "ಇವ ಎಂತ ಬಣ್ಣ?" "ನೀಲಿ." "ಕೃಷ್ಣ ಅಂದರೆ ಎಂತ ಗೊತ್ತುಂಟಾ? ಕಪ್ಪು. ಹೆಸರೇ ಕಪ್ಪು ಅಂತ. ಅವರ ಹತ್ತಿರ ಕಪ್ಪು ಬಣ್ಣ ಇರಲಿಲ್ಲ, ನೀಲಿ ಹಾಕಿದರು." ಪುಸ್ತಕವನ್ನು ನನ್ನ ಗೆಳೆಯನ ಕೈಗೆ ಕೊಟ್ಟು, "ಇದು ಲೆಕ್ಕಕ್ಕೆ ಬೇಡ" ಎಂದು ಮತ್ತೆ ಡಬ್ಬಣ ಎತ್ತಿಕೊಂಡರು.

ಮರುದಿನ ಕೆರೆಯ ದಂಡೆಯಲ್ಲಿ ಅವನು ಕೃಷ್ಣನಾದ. ಕಂಸ ಯಾರೆಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ದಿನ ಆಟ ಮುಂದೆ ಹೋಗಲಿಲ್ಲ.

ಇದನ್ನೆಲ್ಲ ಮೊಬೈಲ್ ಅಂಗಡಿಯ ಎದುರು ನಿಂತು ಮೊಮ್ಮಗಳಿಗೆ ಹೇಳಿದೆ. ಅವಳು ಟ್ಯಾಬ್ ತೆರೆದು ಕೃಷ್ಣನ ಪುಟ ತೆಗೆದಳು. ಚಿತ್ರ ಅದೇ, ಬಣ್ಣ ಮಾತ್ರ ಹೊಸದು, ಹೊಳೆಯುವಂಥದ್ದು. ಬಲೂನಿನಲ್ಲಿ ಇಂಗ್ಲಿಷ್. "ಕನ್ನಡದಲ್ಲಿ ಹೇಗಿತ್ತು ಅಜ್ಜ?" ಎಂದಳು. ಪಕ್ಕದ ಜಗಲಿಯ ಮೇಲೆ ಕೂತು ಮೊದಲ ಚೌಕದಿಂದ ಹೇಳತೊಡಗಿದೆ.