ಗೆಣಸಿನಿಂದ ಗುಳಿಗೆಗೆ

ಹುಡುಗಿ ಮೈನೆರೆದರೆ ಹೇಳಲು ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ! ದೊಡ್ಡವಳಾದಳು, ಋತುಮತಿಯಾದಳು, ನೆರೆದಳು. ಆರತಿ, ಹೊಸ ಸೀರೆ, ಎಳ್ಳುಂಡೆ ಎಲ್ಲವೂ ಉಂಟು. ಅದೇ ಮುಟ್ಟು ಮೂವತ್ತೈದು ವರ್ಷಗಳ ನಂತರ ಹೋಗುವಾಗ ಮಾತ್ರ ‘ನಿಂತಿತು’ ಎಂಬ ಒಂದೇ ಶಬ್ದ, ಅದೂ ಪಿಸುಮಾತಿನಲ್ಲಿ. ನೆಂಟರನ್ನೆಲ್ಲ ಗೇಟಿನವರೆಗೆ ಬಂದು ಬೀಳ್ಕೊಡುವ ನಾವು ಈ ನೆಂಟನನ್ನು ಹಿತ್ತಿಲ ಬಾಗಿಲಿನಿಂದ ಕಳಿಸುತ್ತೇವೆ.

ಅದು ಸುಮ್ಮನೆ ಹೋಗುವುದೂ ಇಲ್ಲ. ನನಗೆ ನಲವತ್ತೇಳಕ್ಕೆ ಶುರುವಾಯಿತು. ಮೊದಲು, ಮುಟ್ಟಿಗೆ ವಾರ ಮುಂಚೆ ಎದೆ ಬಿಗಿತ, ತಲೆನೋವು, ಕಾರಣವಿಲ್ಲದ ಸಿಟ್ಟು. ಆಮೇಲೆ ತಿಂಗಳು ತಪ್ಪುವುದು, ಬಂದರೆ ಕಟ್ಟೆಯೊಡೆದಂತೆ ಹೋಗುವುದು. ಕೊನೆಗೆ ಮೈ ಬಿಸಿಯೇರುವುದು. ಅತ್ತಾವರದ ಸೆಕೆ ಗೊತ್ತಲ್ಲ, ಏಪ್ರಿಲ್‌ನಲ್ಲಿ ಯಾವ ಬೆವರು ಸೂರ್ಯನದು, ಯಾವುದು ವಯಸ್ಸಿನದು ಎಂದು ಹೇಳುವುದೇ ಕಷ್ಟ. ಆದರೆ ಜುಲೈಯ ಜಡಿಮಳೆಯಲ್ಲಿ, ಮಕ್ಕಳೆಲ್ಲ ಮುದುಡಿ ಕುಳಿತ ಒಂಬತ್ತನೆಯ ತರಗತಿಯಲ್ಲಿ, ನನ್ನೊಬ್ಬಳ ಕುತ್ತಿಗೆಯಿಂದ ನೀರಿಳಿದಾಗ ಅನುಮಾನ ಉಳಿಯಲಿಲ್ಲ.

ಸ್ಟಾಫ್ ರೂಮಿನಲ್ಲಿ ಔಷಧಕ್ಕೇನು ಬರಗಾಲ? ಒಬ್ಬರು ಕೊತ್ತಂಬರಿ ಕಷಾಯ ಅಂದರು, ಇನ್ನೊಬ್ಬರು ಮೆಂತೆ ಗಂಜಿ ಅಂದರು. ಮತ್ತೊಬ್ಬರು ‘ನ್ಯಾಚುರಲ್ ಪ್ರೊಜೆಸ್ಟರೋನ್’ ಅಂದರು. ಗೆಣಸಿನಿಂದ ಮಾಡಿದ್ದಂತೆ, ನೈಸರ್ಗಿಕವಂತೆ, ಹಾಗಾಗಿ ಏನೂ ಹಾನಿಯಿಲ್ಲವಂತೆ. ಮೂರು ‘ಅಂತೆ’ ಸೇರಿದರೆ ನಮ್ಮ ಕಡೆ ಅದು ಸತ್ಯವಾಗಿಬಿಡುತ್ತದೆ. ನಾನು ಸಮಾಜ ವಿಜ್ಞಾನ ಕಲಿಸುವವಳು. ಆದರೂ ಡಾಕ್ಟರಮ್ಮನಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ನಮ್ಮ ಅಂಡಾಶಯ ಮುಖ್ಯವಾಗಿ ಎರಡು ಹಾರ್ಮೋನುಗಳನ್ನು ಕೊಡುತ್ತದೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರೋನ್ ಆ ಬೆಳೆಗೆ ಕಡಿವಾಣ ಹಾಕಿ ಹದಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು ಮುಟ್ಟಾಗುತ್ತದೆ. ನಲವತ್ತು ದಾಟಿದ ಮೇಲೆ ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟರೋನ್ ಇಲ್ಲ, ಪದರ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ಒಮ್ಮೆಲೇ ಸುರಿಯುತ್ತದೆ. ಹೊಲಿಗೆ ಯಂತ್ರಕ್ಕೆ ಚಕ್ರವೂ ಬೇಕು, ನಿಲ್ಲಿಸುವ ಕೈಯೂ ಬೇಕು, ಹಾಗೆಯೇ ಇದು.

ಇನ್ನು ಗೆಣಸಿನ ಕಥೆ. ಅದು ಸುಳ್ಳಲ್ಲ, ಅರ್ಧ ನಿಜ. ಅಮೆರಿಕದ ರಸಾಯನ ವಿಜ್ಞಾನಿ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನಲ್ಲಿದ್ದ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟರೋನ್ ತಯಾರಿಸಿದರು. ಅದುವರೆಗೆ ಚಿನ್ನಕ್ಕಿಂತ ದುಬಾರಿಯಾಗಿದ್ದ ವಸ್ತು ಅಗ್ಗವಾದದ್ದು ಹಾಗೆ. ಆದರೆ ಡಯೋಸ್ಜೆನಿನ್ ಪ್ರೊಜೆಸ್ಟರೋನ್ ಆಗುವುದು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ, ನಮ್ಮ ಹೊಟ್ಟೆಯಲ್ಲೂ ಅಲ್ಲ, ಚರ್ಮದ ಮೇಲೂ ಅಲ್ಲ. ನಮ್ಮ ದೇಹಕ್ಕೆ ಆ ವಿದ್ಯೆ ಗೊತ್ತಿಲ್ಲ. ನಮ್ಮ ಮೆಂತೆಯಲ್ಲೂ ಡಯೋಸ್ಜೆನಿನ್ ಉಂಟು. ಮೆಂತೆ ಗಂಜಿ ಉಣ್ಣಿ, ರುಚಿಯಾದದ್ದು, ತಂಪು. ಆದರೆ ಅದು ಹಾರ್ಮೋನಾಗುವುದಿಲ್ಲ. ಹಾಗಾದರೆ ‘ನ್ಯಾಚುರಲ್’ ಅಂದರೇನು? ಗಿಡದಿಂದ ಬಂದದ್ದು ಎಂದಲ್ಲ, ನಮ್ಮ ಅಂಡಾಶಯ ಮಾಡುವ ಅಣುವಿಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂದು. ಅದು ಔಷಧವೇ. ಔಷಧದಂತೆ ಲೆಕ್ಕವಿಟ್ಟು ಸೇವಿಸಬೇಕು.

ಈ ವ್ಯತ್ಯಾಸ ಬರೀ ಶಬ್ದದ ಜಗಳವಲ್ಲ ಎಂದು ಗೊತ್ತಾದದ್ದು ನನ್ನ ಗೆಳತಿಯೊಬ್ಬಳಿಂದ. ಆಕೆಗೆ ಮುಟ್ಟು ನಿಂತು ಎರಡು ವರ್ಷ. ರಾತ್ರಿ ನಿದ್ದೆಯಿಲ್ಲ, ಬೆವರಿ ಎರಡೆರಡು ಸಲ ನೈಟಿ ಬದಲಿಸಬೇಕು. ಪರದೇಶದಲ್ಲಿರುವ ಮಗಳು ಈಸ್ಟ್ರೋಜನ್ ಜೆಲ್ಲನ್ನೂ ಗೆಣಸಿನ ಚಿತ್ರವಿದ್ದ ‘ನೈಸರ್ಗಿಕ’ ಕ್ರೀಮನ್ನೂ ತಂದುಕೊಟ್ಟಳು. ಬಿಸಿ ಇಳಿಯಿತು, ನಿದ್ದೆ ಬಂತು, ಆಕೆ ಹತ್ತು ವರ್ಷ ಚಿಕ್ಕವಳಂತೆ ಕಂಡಳು. ಎಂಟನೆಯ ತಿಂಗಳಿಗೆ ರಕ್ತ ಕಾಣಿಸಿತು. ‘ಪುನಃ ಪ್ರಾಯ ಬಂತು ನೋಡು’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಸಂಜೆಯೇ ಆಟೋ ಹತ್ತಿಸಿ ಕರೆದುಕೊಂಡು ಹೋದೆ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಪದರ ದಪ್ಪವಾಗಿತ್ತು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಆ ದಿನಗಳಲ್ಲಿ ಆಕೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ದಿನಾ ರಾತ್ರಿ ನನಗೆ ಫೋನ್ ಮಾಡಿ ಅಡುಗೆಯ ವಿಷಯ ಮಾತಾಡುತ್ತಿದ್ದಳು.

ಕ್ಯಾನ್ಸರ್ ಇರಲಿಲ್ಲ. ಆದರೆ ಹಾಗೆಯೇ ಬಿಟ್ಟಿದ್ದರೆ ಆ ದಾರಿಯಲ್ಲಿ ಹೋಗಬಹುದಿತ್ತು ಎಂದರು ಡಾಕ್ಟರಮ್ಮ. ಗರ್ಭಕೋಶ ಇರುವವರು ಈಸ್ಟ್ರೋಜನ್ ತೆಗೆದುಕೊಂಡರೆ ಜೊತೆಗೆ ಸಾಕಷ್ಟು ಪ್ರೊಜೆಸ್ಟರೋನ್ ಬೇಕೇ ಬೇಕು. ಗೆಣಸಿನ ಸಾರದ ಕ್ರೀಮಿನಲ್ಲಿ ಅದು ಇಲ್ಲ. ನಿಜವಾದ ಪ್ರೊಜೆಸ್ಟರೋನ್ ಸೇರಿಸಿದ ಕ್ರೀಮು ಹಚ್ಚಿದರೂ ಗರ್ಭಕೋಶವನ್ನು ಕಾಯುವಷ್ಟು ಒಳಗೆ ಹೋಗುತ್ತದೆಂಬ ಭರವಸೆಯಿಲ್ಲ. ಕಾಯುವುದು ನುಣ್ಣಗೆ ಪುಡಿಮಾಡಿ ಎಣ್ಣೆಯಲ್ಲಿ ಬೆರೆಸಿದ ಗುಳಿಗೆ. ಸಾಮಾನ್ಯವಾಗಿ ದಿನಾ 100 ಮಿಲಿಗ್ರಾಂ, ಇಲ್ಲವೇ ತಿಂಗಳಿಗೆ 12 ದಿನ 200 ಮಿಲಿಗ್ರಾಂ, ಮಲಗುವಾಗ. ಏಕೆಂದರೆ ಅದು ನಿದ್ದೆ ತರುತ್ತದೆ. ಬೆಳಿಗ್ಗೆ ನುಂಗಿ ಪಾಠ ಮಾಡಲು ನಿಂತರೆ ಮಕ್ಕಳಿಗಿಂತ ಮೊದಲು ಟೀಚರೇ ತೂಕಡಿಸಿಯಾರು! ಕೆಲವು ಗುಳಿಗೆಗಳಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಅದು ಒಗ್ಗದವರು ಮೊದಲೇ ಹೇಳಬೇಕು.

ಹಾರ್ಮೋನು ಅಂದರೆ ಕ್ಯಾನ್ಸರ್ ಎಂಬ ಹೆದರಿಕೆಗೂ ಕಾರಣವಿದೆ. ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು, ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿ ಕಂಡಿತೆಂದು. ಅಲ್ಲಿ ಈಸ್ಟ್ರೋಜನ್ನಿನ ಜೊತೆ ಕೊಟ್ಟದ್ದು ಪ್ರೊಜೆಸ್ಟರೋನನ್ನು ಹೋಲುವ ಕೃತಕ ಔಷಧ. ನಮ್ಮ ದೇಹದ್ದೇ ಅಣುವಾದರೆ ಅಪಾಯ ಕಡಿಮೆಯಿರಬಹುದೆಂದು ಫ್ರಾನ್ಸಿನ ಅಧ್ಯಯನ ಸೂಚಿಸಿದೆ. ಕಡಿಮೆ ಅಂದರೆ ಇಲ್ಲವೆಂದಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ಕಾಯಿಲೆಯವರು ತಾವಾಗಿ ಮುಟ್ಟಲೇಬಾರದು.

ಮುಟ್ಟಿನ ಮುಂಚಿನ ಸಿಟ್ಟು, ಅಳುವಿಗೂ ಇದೇ ಮದ್ದೇ? ಇಂಗ್ಲೆಂಡಿನ ವೈದ್ಯೆ ಕ್ಯಾಥರಿನಾ ಡಾಲ್ಟನ್ ಅಂಥ ನಂಬಿಕೆಯಿಟ್ಟವರು. 1953ರಲ್ಲಿ ಆ ತೊಂದರೆಗೆ ಹೆಸರು ಕೊಟ್ಟು, ಅದು ಹೆಂಗಸರ ನಾಟಕವಲ್ಲ ಎಂದು ಲೋಕವನ್ನು ಒಪ್ಪಿಸಿದ ಪುಣ್ಯ ಅವರದ್ದೂ ಹೌದು. ಆದರೆ ಅವರ ಪ್ರೊಜೆಸ್ಟರೋನ್ ಚಿಕಿತ್ಸೆ ನಂತರದ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಅದಕ್ಕೆ ಈಗ ಬೇರೆ ಮದ್ದುಗಳಿವೆ, ಮನಸ್ಸಿನ ಔಷಧಗಳೂ ಸೇರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನೊಂದು ಮಾತು. ಹೆಚ್ಚು ರಕ್ತ ಹೋದರೆ ‘ಗರ್ಭಕೋಶ ತೆಗೆಸಿಬಿಡಿ, ಇನ್ಯಾಕೆ ಅದು’ ಎನ್ನುವವರು ಸುತ್ತಮುತ್ತ ತುಂಬಾ ಇದ್ದಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಎಷ್ಟೋ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಸಂಗತಿ ಬೆಳಕಿಗೆ ಬಂತು. ಕೆಲವರಿಗೆ ಇನ್ನೂ ನಲವತ್ತೂ ಆಗಿರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಇಂಥದ್ದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಲು ರಾಜ್ಯಗಳಿಗೆ ಹೇಳಿತು. ಕೆಲವರಿಗೆ ಶಸ್ತ್ರಚಿಕಿತ್ಸೆ ಅಗತ್ಯವೇ. ಆದರೆ ಅದಕ್ಕೆ ಮೊದಲು ಗುಳಿಗೆ ಉಂಟು, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಉಂಟು. ‘ನನಗೆ ಅದು ಆಗುವುದಿಲ್ಲವೇ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಡಾಕ್ಟರರ ಬಳಿ ಹೋಗುವಾಗ ಮೂರು ತಿಂಗಳ ಲೆಕ್ಕ ಬರೆದುಕೊಂಡು ಹೋಗಿ: ಯಾವ ದಿನ ಮುಟ್ಟು, ಎಷ್ಟು ಬಟ್ಟೆ, ಯಾವ ದಿನ ಸಿಟ್ಟು, ಎಷ್ಟು ಸಲ ಬೆವರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಹಬ್ಬ, ಮದುವೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಮನೆಯವರಿಗೆಲ್ಲ ಮದ್ದಿನ ಹೊತ್ತು ನೆನಪಿಸುವವರು ನಾವು. ನಮ್ಮದನ್ನೂ ಆ ಪಟ್ಟಿಯಲ್ಲಿ ಸೇರಿಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅಂದರೂ ಅನ್ನಲಿ ಬಿಡಿ.