ವರ್ಲಿಯ ಒಂದು ಖೋಲಿ

ನಾನು ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಊರಿಗೆ ಹೋದಾಗ "ಚಾಳಿನಲ್ಲಿ ಜನ ಅದು ಹೇಗೆ ಇರ್ತಾರೆ ಮಾರಾಯ್ರೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಂಥವರಿಗೆ ನಾನು ವರ್ಲಿಯ ಬಿಡಿಡಿ ಚಾಳಿನ ಒಂದು ಖೋಲಿಯ ಕತೆ ಹೇಳುತ್ತೇನೆ. ಖೋಲಿ ನನ್ನ ಸಹೋದ್ಯೋಗಿಯದು. ಗಿರಣಿ ಕೆಲಸಕ್ಕೆಂದು ಕೊಂಕಣದಿಂದ ಬಂದ ಅವರ ಅಜ್ಜ ಹಿಡಿದದ್ದು.

ಬಿಡಿಡಿ ಅಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. 1920ರಲ್ಲಿ, ಜಾರ್ಜ್ ಲಾಯ್ಡ್ ಗವರ್ನರ್ ಆಗಿದ್ದಾಗ ಶುರುವಾದ ಇಲಾಖೆ. ನಗರದೊಳಗೆ ಬರುವ ಪ್ರತಿ ಹತ್ತಿ ಬೇಲಿನ ಮೇಲೆ ಒಂದು ರೂಪಾಯಿ ಸುಂಕ ಹಾಕಿ, ಕಾರ್ಮಿಕರಿಗೆ 50,000 ಖೋಲಿ ಕಟ್ಟುವ ಲೆಕ್ಕಾಚಾರ. ಆದದ್ದು ಹದಿನಾರು ಸಾವಿರ ಚಿಲ್ಲರೆ. ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ್, ಶಿವಡಿ ಸೇರಿ 207 ಕಟ್ಟಡಗಳು. ಒಂದೊಂದರಲ್ಲೂ 80 ಖೋಲಿ, ಒಂದು ಖೋಲಿಗೆ 160 ಚದರಡಿ. ಸಂಡಾಸು ಮಹಡಿಯವರಿಗೆಲ್ಲ ಸೇರಿ!

ತಮಾಷೆ ಗೊತ್ತಾ? ಮೊದಮೊದಲು ಇಲ್ಲಿಗೆ ಬರಲು ಕಾರ್ಮಿಕರೇ ಒಪ್ಪಲಿಲ್ಲ. ಬಾಡಿಗೆ ಜಾಸ್ತಿ, ಗಿರಣಿಗಳು ದೂರ. ಎಷ್ಟೋ ಖೋಲಿಗಳು ಖಾಲಿ ಬಿದ್ದಿದ್ದವು. 1930ರ ಕಾನೂನುಭಂಗ ಚಳವಳಿಯಲ್ಲಿ ಸರಕಾರ ವರ್ಲಿಯ ಚಾಳುಗಳನ್ನು ತಾತ್ಕಾಲಿಕ ಜೈಲು ಮಾಡಿಕೊಂಡಿತು. ಮನೆ ಅಂತ ಕಟ್ಟಿದ್ದು ಜೈಲಿಗೂ ಆಯಿತು ಅಂದರೆ ನೋಡಿ...

ನಾನು ಮೊದಲ ಸಲ ಹೋದಾಗ ಆ ಖೋಲಿಯಲ್ಲಿ ಏಳು ಜನ. ಮೂಲೆಯಲ್ಲಿ ಮೋರಿ, ಮೇಲೆ ಹಲಗೆಯ ಮಾಳಿಗೆ. ಗಂಡಸರು ರಾತ್ರಿ ಕಾರಿಡಾರಿನಲ್ಲಿ ಮಲಗುವುದು. ಸೂರಿನಲ್ಲಿ ಒಂದು ಕಬ್ಬಿಣದ ಕೊಂಡಿ ಇತ್ತು. ಮೂರು ತಲೆಮಾರಿನ ತೊಟ್ಟಿಲು ಅದರಲ್ಲೇ ತೂಗಿದ್ದಂತೆ.

2025ರ ಆಗಸ್ಟಿನಲ್ಲಿ ವರ್ಲಿಯ ಮೊದಲ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಗಳ ಕೀಲಿ ಸಿಕ್ಕಿತು. ಇವರಿಗೂ ಸಿಕ್ಕಿತು. "ಚಾಳಿನ ಆ ಒಗ್ಗಟ್ಟು ಇನ್ನೆಲ್ಲಿ" ಅಂತ ನಾನು ರಾಗ ಎಳೆದರೆ ಅವರ ಅಮ್ಮ ನಕ್ಕುಬಿಟ್ಟರು. "ಬೆಳಗಿನ ಜಾವ ನಾಲ್ಕಕ್ಕೆ ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದೀರಾ? ನಾನು ನಲವತ್ತು ವರ್ಷ ನಿಂತಿದ್ದೇನೆ."

ಅವರಿಗೆ ಆ ಖೋಲಿಯಿಂದ ಬೇಕಾಗಿದ್ದದ್ದು ಒಂದೇ, ಆ ಕೊಂಡಿ. ಖಾಲಿ ಮಾಡುವ ದಿನ ಮಗ ಕುರ್ಚಿ ಹತ್ತಿ ಅರ್ಧ ಗಂಟೆ ಒದ್ದಾಡಿದರೂ ಕಾಂಕ್ರೀಟು ಬಿಟ್ಟುಕೊಡಲಿಲ್ಲವಂತೆ. ಕೊನೆಗೆ ಹಗ್ಗ ಬಿಚ್ಚಿಕೊಂಡು ಬಂದರು.

ನಮ್ಮಂಥ ವಲಸಿಗರಿಗೆಲ್ಲ ಈ ನಗರದಲ್ಲಿ ಮೊದಲು ಕಾಲು ಚಾಚಿದ ಒಂದು ಖೋಲಿ ಇದ್ದೇ ಇರುತ್ತದೆ. ನಿಮ್ಮದು ಇನ್ನೂ ನಿಂತಿದ್ದರೆ, ಕೆಡವುವ ಮೊದಲು ಒಂದು ಸಲ ಹೋಗಿಬನ್ನಿ.