ಅತಿಥಿಯೂ ಅಂತೇವಾಸಿಯೂ

ಯಾವನ ನಿಲುವು ಅನಿತ್ಯವೋ ಅವನು ಅತಿಥಿ. ಒಂದು ರಾತ್ರಿ ತಂಗಿ ಹೊರಡುವವನಿಗೇ ಆ ಹೆಸರು ಸಲ್ಲತಕ್ಕದ್ದೆಂದು ಮನುಸ್ಮೃತಿಯು ಹೇಳುತ್ತದೆ. ಆ ಒಂದು ರಾತ್ರಿಯ ಮಟ್ಟಿಗೆ ಆತನಿಗೆ ಕಾಲಿಗೆ ನೀರು, ಕುಳಿತುಕೊಳ್ಳಲು ಮಣೆ, ಹಸಿವಿಗೆ ಅನ್ನ, ಇವೆಲ್ಲ ದೊರೆಯಬೇಕು. ಆತನಾದರೋ ಏನನ್ನೂ ಹಿಂದಕ್ಕೆ ಕೊಡಬೇಕಾದುದಿಲ್ಲ. ಆದರೆ ವಿದ್ಯಾರ್ಥಿಯಾಗಿ ಪರದೇಶಕ್ಕೆ ಹೋಗಿ, ಪರರ ಅನ್ನವನ್ನುಂಡು, ವರುಷಗಟ್ಟಲೆ ಅವರ ನಡುವೆ ಬಾಳುವವನನ್ನು ಏನೆಂದು ಕರೆಯಬೇಕು? ಅವನಿಗೂ ಹಿರಿಯರು ಒಂದು ಹೆಸರನ್ನಿಟ್ಟಿರುವರು. ಅದು ಅಂತೇವಾಸಿ, ಎಂದರೆ ಹತ್ತಿರದಲ್ಲಿ ವಾಸಿಸತಕ್ಕವನು. ಅವನಿಗೆ ಮಣೆಯಿಲ್ಲ, ಸೌದೆಯ ಹೊರೆಯುಂಟು, ನೀರಿನ ಕೊಡವುಂಟು, ದನಗಳ ಚಾಕರಿಯುಂಟು. ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯೋಪನಿಷತ್ತಿನಲ್ಲಿ ಬಂದಿರುವ ಉಪದೇಶವು ಈ ಅಂತೇವಾಸಿಯನ್ನು ಕುರಿತೇ ಆಡಿದುದು. ಅತಿಥಿಯಾಗಿ ಬಂದವನು ಅಂತೇವಾಸಿಯಾಗುವುದು ಯಾವಾಗ ಎಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವನ್ನು ಹುಡುಕುವುದಕ್ಕಿಂತ, ಬಂಗಾಳದ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯನ್ನು ನೆನೆಯುವುದು ಲೇಸು.

1906ರಲ್ಲಿ ಕವಿ ರವೀಂದ್ರನಾಥ ಠಾಕೂರರು ತಮ್ಮ ಮಗನಾದ ರಥೀಂದ್ರನಾಥನನ್ನೂ, ಮಿತ್ರನ ಮಗನಾದ ಸಂತೋಷಚಂದ್ರ ಮಜುಮದಾರನನ್ನೂ ವ್ಯವಸಾಯಶಾಸ್ತ್ರದ ಅಭ್ಯಾಸಕ್ಕೆಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಕಳುಹಿದರು. ಜಮೀನುದಾರರ ಮನೆಯ ಮಕ್ಕಳು ಬ್ಯಾರಿಸ್ಟರಿಕೆಗೆಂದು ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲವದು. ನೇಗಿಲನ್ನು ಕಲಿಯಲು ಸಮುದ್ರವನ್ನು ದಾಟಿದವರು ವಿರಳ. ಅಲ್ಲಿ ನಾನಾ ದೇಶದ ವಿದ್ಯಾರ್ಥಿಗಳು ಒಂದೆಡೆ ಕೂಡಲೆಂದು ಕಾಸ್ಮಾಪಾಲಿಟನ್ ಕ್ಲಬ್ಬೆಂಬ ಸಂಘವು ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ರಥೀಂದ್ರನೂ ಒಬ್ಬನಾಗಿದ್ದನು. 1909ರಲ್ಲಿ ಆತನು ಪದವೀಧರನಾಗಿ ಊರಿಗೆ ಹಿಂದಿರುಗಿದನು.

ಕೊಟ್ಟುದು ಒಂದಲ್ಲ ಒಂದು ದಿನ ಮರಳಿ ಬರುವುದೆಂಬ ನಂಬಿಕೆ ಹಳ್ಳಿಗರದು. ಹೆಚ್ಚುಕಡಮೆ ಹನ್ನೆರಡು ವರ್ಷಗಳ ಮೇಲೆ, ಅದೇ ಹೆಸರಿನ ಇನ್ನೊಂದು ಸಂಘದಿಂದ ಬಂಗಾಳಕ್ಕೆ ಒಬ್ಬ ತರುಣನು ಬಂದನು. ಆತನೇ ಲೆನರ್ಡ್ ಎಲ್ಮ್‌ಹರ್ಸ್ಟ್. 1893ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಇತಿಹಾಸವನ್ನೋದಿದ ಆತನು ಪಾದ್ರಿಯಾಗಬೇಕೆಂದಿದ್ದವನು. ಮೊದಲನೆಯ ಮಹಾಯುದ್ಧವು ಆತನ ಇಬ್ಬರು ಸಹೋದರರನ್ನು ನುಂಗಿತು. ಯುದ್ಧಕಾಲದ ಸೇವೆಗೆಂದು ಭರತಖಂಡಕ್ಕೆ ಬಂದಿದ್ದಾಗ ಅಲಹಾಬಾದಿನಲ್ಲಿ ವ್ಯವಸಾಯ ಶಾಲೆಯನ್ನು ನಡೆಸುತ್ತಿದ್ದ ಸ್ಯಾಮ್ ಹಿಗ್ಗಿನ್‌ಬಾಟಮ್ಮರ ಪರಿಚಯವಾಯಿತು. ಉಪದೇಶ ಮಾಡಹೊರಟವನ ಮನಸ್ಸು ಉಳುಮೆಯ ಕಡೆಗೆ ತಿರುಗಿತು. 1919ರಲ್ಲಿ ಆತನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿ, ಕೈಯಲ್ಲಿ ಹಣವಿಲ್ಲದೆ ದುಡಿದುಕೊಂಡೇ ಓದಿದನು. ಅಲ್ಲಿಯ ಪರದೇಶೀ ವಿದ್ಯಾರ್ಥಿಗಳ ಸಂಘವು ಸಾಲದಲ್ಲಿ ಮುಳುಗಿದ್ದಿತು. ಅದರ ಅಧ್ಯಕ್ಷನಾಗಿದ್ದ ಆತನು ಸಹಾಯವನ್ನು ಬೇಡಲೆಂದು 1920ರಲ್ಲಿ ನ್ಯೂಯಾರ್ಕಿನ ಡೊರೊಥಿ ಸ್ಟ್ರೇಟ್ ಎಂಬ ಶ್ರೀಮಂತ ವಿಧವೆಯನ್ನು ಕಂಡನು. ಮುಂದೆ ಆಕೆಯ ಧನವೇ ಬಂಗಾಳದ ಕೆಲಸಕ್ಕೂ ಆಧಾರವಾಯಿತು.

ಆಗ ಅಮೆರಿಕದಲ್ಲಿದ್ದ ರವೀಂದ್ರರು ಈ ತರುಣನನ್ನು ಕರೆಸಿ, ಶಾಂತಿನಿಕೇತನದ ಸುತ್ತಲ ಹಳ್ಳಿಗಳು ಕ್ಷಯಿಸುತ್ತಿರುವುದೇಕೆಂಬುದನ್ನು ಅಲ್ಲಿಯೇ ನಿಂತು ಕಂಡುಹಿಡಿಯಬೇಕೆಂದು ಕೇಳಿದರು. 1921ರ ನವೆಂಬರಿನಲ್ಲಿ ಎಲ್ಮ್‌ಹರ್ಸ್ಟನು ಬಂದಿಳಿದನು. ಶಾಂತಿನಿಕೇತನದಿಂದ ಎರಡು ಮೈಲಿಯಷ್ಟು ದೂರದ ಸುರುಲ್ ಗ್ರಾಮದಲ್ಲಿ ಕವಿಯು 1912ರಲ್ಲಿ ಕೊಂಡಿದ್ದ ಮನೆಯೂ ಜಮೀನೂ ಇದ್ದವು. 1922ರ ಫೆಬ್ರವರಿ 6ರಂದು ಆತನು ಕೆಲವರು ವಿದ್ಯಾರ್ಥಿಗಳೊಡನೆ ಅಲ್ಲಿ ಕೆಲಸವನ್ನಾರಂಭಿಸಿದನು.

ಆರಂಭವಾದುದು ಯಾವುದರಿಂದ? ಭಾಷಣದಿಂದಲ್ಲ, ಪಾಠದಿಂದಲ್ಲ, ಕಕ್ಕಸಿನಿಂದ. ಭಂಗಿಯನ್ನು ಕರೆಯಕೂಡದು, ಅವರವರ ಮಲವನ್ನು ಅವರವರೇ ಸರದಿಯಂತೆ ಹೊತ್ತು, ತೋಡಿದ ಕಾಲುವೆಯಲ್ಲಿ ಮಣ್ಣು ಮುಚ್ಚಿ, ಆ ನೆಲದಲ್ಲಿಯೇ ಕಾಯಿಪಲ್ಯವನ್ನು ಬೆಳೆಯತಕ್ಕದ್ದೆಂದು ಗೊತ್ತುಪಾಡಾಯಿತು. ವಿದ್ಯಾರ್ಥಿಗಳು ಸದ್ಗೃಹಸ್ಥರ ಮಕ್ಕಳು. ತಾಯಂದಿರು ಮಡಿಯುಟ್ಟು ಬಡಿಸಿದ ಅನ್ನವನ್ನುಂಡು ಬೆಳೆದ ಕೈಗಳಿಗೆ ಆ ಬಕೀಟನ್ನು ಎತ್ತುವುದೆಂದರೆ ಜನ್ಮದ ಸಂಸ್ಕಾರವನ್ನೇ ಎತ್ತಿಹಾಕಿದಂತೆ. ಅವರ ಸಂಕೋಚವನ್ನು ನಗುವುದು ಸುಲಭ. ಅದರ ಭಾರವನ್ನು ಅನುಭವಿಸಿದವರೇ ಬಲ್ಲರು. ಹಾಗೆ ನೋಡಿದರೆ ಪರದೇಶಿಯ ಕೆಲಸವೇ ಹಗುರ. ಬಕೀಟನ್ನು ಮುಟ್ಟಿದುದಕ್ಕಾಗಿ ಯಾರ್ಕ್‌ಷೈರಿನಲ್ಲಿ ಆತನ ಬಂಧುಗಳು ಪಂಕ್ತಿಭೇದವನ್ನು ಮಾಡುತ್ತಿರಲಿಲ್ಲ. ಆದುದರಿಂದ ಸುರುಲಿನ ಆ ಕಾಲುವೆಯ ಬಳಿ ಹೆಚ್ಚಿನ ತ್ಯಾಗವನ್ನು ಮಾಡಿದವರು ಆ ಹುಡುಗರೇ. ಪರದೇಶಿಯ ಮಹತ್ತ್ವವಿರುವುದು ಬೇರೆಡೆಯಲ್ಲಿ: ಆಳುವ ಜಾತಿಯವನಾಗಿಯೂ ಆತನು ಆಜ್ಞೆಯನ್ನು ಮಾಡದೆ ತಾನೇ ಕೈಹಾಕಿದನು.

ಈ ಪಾಠವು ಆ ನೆಲಕ್ಕೆ ತೀರ ಹೊಸತೂ ಅಲ್ಲ. 1915ರ ಮಾರ್ಚಿ 10ರಂದು ಗಾಂಧೀಜಿಯವರ ಪ್ರೇರಣೆಯಿಂದ ಶಾಂತಿನಿಕೇತನದ ಗುರುಶಿಷ್ಯರು ಅಡಿಗೆಯವರನ್ನೂ ಆಳುಗಳನ್ನೂ ಬಿಟ್ಟು ಎಲ್ಲ ಕೆಲಸವನ್ನೂ ತಾವೇ ಮಾಡಲಾರಂಭಿಸಿದ್ದರು. ಆ ಉತ್ಸಾಹವು ಬಹುಕಾಲ ನಿಲ್ಲದೆ, ವರ್ಷಕ್ಕೊಮ್ಮೆ ಆಚರಿಸುವ ಗಾಂಧೀ ಪುಣ್ಯಾಹವಾಗಿ ಉಳಿಯಿತು. ಒಂದು ದಿನದ ವ್ರತವು ಕಷ್ಟವಲ್ಲ; ನಿತ್ಯಕರ್ಮವೇ ಕಷ್ಟ.

ಹಳ್ಳಿಯವರು ಇದನ್ನೆಲ್ಲ ದೂರದಿಂದ ನೋಡಿದರು. ಬಿಳಿಯ ದೊರೆ, ವಿದ್ಯಾವಂತ ಬಾಬುಗಳು ಮಣ್ಣು ಹೊರುವುದರಲ್ಲಿ ಏನೋ ಗೂಢವಿರಬೇಕೆಂಬ ಶಂಕೆ ಅವರಿಗೆ ಸಹಜವಾದುದೇ. ಅದುವರೆಗೆ ಹೊರಗಿನಿಂದ ಬಂದವರೆಲ್ಲರೂ ಏನನ್ನಾದರೂ ಒಯ್ಯಲು ಬಂದವರು. ಎಲ್ಮ್‌ಹರ್ಸ್ಟನು ಊರನ್ನು ತಿನ್ನುತ್ತಿದ್ದ ಮೂರು ಪೀಡೆಗಳನ್ನು ಗುರುತಿಸಿದನು: ಮಲೇರಿಯ, ತೋಟಗಳನ್ನು ಸೂರೆಮಾಡುವ ಕೋತಿಗಳು, ಮತ್ತು ನೆರೆಯವರಲ್ಲಿ ಪರಸ್ಪರ ಅಪನಂಬಿಕೆ. ಮೊದಲನೆಯದಕ್ಕೆ ಕ್ವಿನೈನ್ ಉಂಟು, ನಿಂತ ನೀರನ್ನು ಹರಿಯಿಸುವ ಉಪಾಯವುಂಟು. ಮೂರನೆಯದಕ್ಕೆ ಯಾವ ಅಂಗಡಿಯಲ್ಲಿ ಔಷಧ? ಹಳ್ಳಿಯ ಹುಡುಗರನ್ನು ಬ್ರತೀಬಾಲಕರೆಂಬ ದಳವಾಗಿ ಕೂಡಿಸಿದರು. ಗ್ರೆಚನ್ ಗ್ರೀನ್ ಎಂಬ ಅಮೆರಿಕದ ಮಹಿಳೆಯು ಬಂದು ಔಷಧಾಲಯವನ್ನು ತೆರೆದಳು. ಮದ್ದಿಗೆಂದು ಬಂದ ತಾಯಿಯು ಮದ್ದಿನೊಡನೆ ನಂಬಿಕೆಯನ್ನೂ ಸ್ವಲ್ಪ ಸ್ವಲ್ಪವಾಗಿ ಮನೆಗೆ ಒಯ್ದಳು.

1922ರಲ್ಲಿ ಕಲ್ಕತ್ತೆಯಲ್ಲಿ, ರವೀಂದ್ರರ ಅಧ್ಯಕ್ಷತೆಯಲ್ಲಿ, ಎಲ್ಮ್‌ಹರ್ಸ್ಟನು ಭೂಮಿಯ ದರೋಡೆಯೆಂಬ ವಿಷಯವಾಗಿ ಉಪನ್ಯಾಸ ಮಾಡಿದನು. ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸದೆ ಪೇಟೆಗೆ ಸಾಗಿಸುತ್ತ ಹೋದರೆ ನೆಲವು ಬಡವಾಗುವುದು. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ. ಹಳ್ಳಿಯ ಬುದ್ಧಿವಂತ ಮಗನು ಓದಿ ಪಟ್ಟಣವನ್ನು ಸೇರಿದರೆ ಹಳ್ಳಿಗೆ ಹಿಂದಿರುಗುವುದೇನು? ಬಕೀಟಿನ ಕಾಲುವೆಯಲ್ಲಿ ಆ ಹುಡುಗರು ಕಲಿತುದು ಇದೇ ಲೆಕ್ಕವನ್ನು.

ಆದರೆ ಸೇವೆಯ ಕೊನೆಯ ಪರೀಕ್ಷೆಯು ಸೇವಕನು ಹೊರಟುಹೋಗುವ ದಿನ ಬರುತ್ತದೆ. ಹೊರಗಿನಿಂದ ಬಂದವನು ತಾನಿಲ್ಲದೆ ನಡೆಯದೆಂಬಂತೆ ಕೆಲಸವನ್ನು ಕಟ್ಟಿದ್ದರೆ, ಅವನು ಕಟ್ಟಿದುದು ತನ್ನ ಕೀರ್ತಿಯನ್ನೇ ಹೊರತು ಊರನ್ನಲ್ಲ. ಎಲ್ಮ್‌ಹರ್ಸ್ಟನು ಸುರುಲಿನಲ್ಲಿ ನಿಂತು ಕೆಲಸ ಮಾಡಿದುದು ಕೆಲವೇ ಕಾಲ. 1924ರಲ್ಲಿ ಕವಿಯೊಡನೆ ಚೀನಾದೇಶಕ್ಕೂ ಅರ್ಜೆಂಟೀನಕ್ಕೂ ಹೋದನು. 1925ರಲ್ಲಿ ಡೊರೊಥಿಯನ್ನು ವಿವಾಹವಾಗಿ, ಇಂಗ್ಲೆಂಡಿನ ಡಾರ್ಟಿಂಗ್ಟನ್ ಎಂಬಲ್ಲಿ ಹಳ್ಳಿಯ ಪುನರುಜ್ಜೀವನಕ್ಕೆ ಕೈಹಾಕಿದನು. ಬಂಗಾಳದಲ್ಲಿ ಕಲಿತ ವಿದ್ಯೆಯು ಹೀಗೆ ಆತನ ತಾಯ್ನಾಡಿಗೂ ತಲುಪಿತು. ಸುರುಲಿನ ಕೆಲಸವಾದರೋ ಶ್ರೀನಿಕೇತನವೆಂಬ ಹೆಸರಿನಿಂದ ರಥೀಂದ್ರನಾಥ, ಕಾಳೀಮೋಹನ ಘೋಷ ಮೊದಲಾದವರ ಕೈಯಲ್ಲಿ ಬೆಳೆಯಿತು. 1974ರಲ್ಲಿ ಎಲ್ಮ್‌ಹರ್ಸ್ಟನು ತೀರಿಕೊಂಡನು. ಫೆಬ್ರವರಿ 6ನೆಯ ದಿನವು ಶ್ರೀನಿಕೇತನದಲ್ಲಿ ಇಂದಿಗೂ ಉತ್ಸವದ ದಿನ.

ಈಗಿನ ದಿನಗಳಲ್ಲಿ ಮಕ್ಕಳು ವಿದ್ಯೆಗಾಗಿ ದೇಶಾಂತರಕ್ಕೆ ಹೋಗುವುದು ಮನೆಮನೆಯ ಮಾತು. ಅಲ್ಲಿಯೂ ಅವರು ಆಸ್ಪತ್ರೆಯಲ್ಲಿ, ಅನ್ನಛತ್ರದಲ್ಲಿ, ವೃದ್ಧರ ಮನೆಗಳಲ್ಲಿ ಸ್ವಯಂಸೇವಕರಾಗಿ ದುಡಿಯುವುದುಂಟು. ಅಂಥ ಪತ್ರ ಬಂದಾಗ, ಮಗುವು ಇದಕ್ಕಾಗಿಯೇ ಅಷ್ಟು ದೂರ ಹೋಯಿತೆ ಎಂದು ತಾಯಿಯು ಕಣ್ಣೊರಸಿಕೊಳ್ಳಬಹುದು. ಆಕೆಯು ದುಃಖಿಸಬೇಕಾದ ಕಾರಣವಿಲ್ಲ. ಪರರ ಮನೆಯ ಮಣೆಯಿಂದೆದ್ದು ಪರರ ಮನೆಯ ಕಸಬರಿಕೆಯನ್ನು ಕೈಗೆ ತೆಗೆದುಕೊಂಡ ಗಳಿಗೆಯಲ್ಲಿಯೇ ಆ ಮಗುವಿನ ಅತಿಥಿತನವು ತೀರಿ, ವಿದ್ಯಾಭ್ಯಾಸವು ಆರಂಭವಾಯಿತೆಂದು ತಿಳಿಯಬೇಕು.